ಗಾಬ್ಲಿನ್ ಗಲಾಟೆ ಬಗ್ಗೆ ಎಲ್ರಿಗೂ

ನಿನ್ನೆ ರಾತ್ರಿ ಹ್ಯಾರಿ ಪಾಟರ್ ಲೋಕದ ಹಾಗ್ವಾರ್ಟ್ಸ್ ಲೆಗಸಿ ವಿಡಿಯೋ ಗೇಮಿನ ಗಾಬ್ಲಿನ್ (ಕತೆಗಳಲ್ಲಿ ಬರೋ ಕುಳ್ಳ ಜೀವಿ) ಯಹೂದಿಗಳ ಅಣಕವಾ ಅಂತ ಶುರುವಾದ ಚರ್ಚೆ ಬೈಗುಳದ ತನಕ ಹೋಯ್ತು, ಅದಕ್ಕೇ ಅಡ್ಮಿನ್ ಆಗಿ ಎರಡು ಮಾತು. "ಗೇಮ್ ಅಲ್ವನೋ, ಸುಮ್ನೆ ಆಡು" ಅಂತ ಬಾಯಿ ಮುಚ್ಚಿಸೋದು ಬೇಡ. ಗಾಬ್ಲಿನ್‌ಗಳಿಗೆ ಕೊಕ್ಕೆ ಮೂಗು, ದುರಾಸೆ, ಬ್ಯಾಂಕು ಪೂರ್ತಿ ಅವುಗಳ ಕೈಲಿ, ಇವೆಲ್ಲ ಒಟ್ಟಿಗೆ ಬಂದ್ರೆ ಯಹೂದಿಗಳಿಗೆ ಯಾಕೆ ಚುಚ್ಚತ್ತೆ ಅಂದ್ರೆ, ಮಧ್ಯಯುಗದ ಯುರೋಪಿನ ಎಷ್ಟೋ ಕಡೆ ಅವರಿಗೆ ಜಮೀನು ಕೊಡದೆ, ಕಸುಬಿನ ಸಂಘಕ್ಕೂ ಸೇರಿಸ್ಕೊಳ್ಳದೆ ಬಡ್ಡಿ ವ್ಯವಹಾರಕ್ಕೆ ತಳ್ಳಿ ಆಮೇಲೆ ಅದಕ್ಕೇ ಬೈದ್ರು, 1923ರಲ್ಲಿ ಶುರುವಾದ ನಾಜಿ ಪತ್ರಿಕೆ ಡೇರ್ ಸ್ಟ್ಯೂರ್ಮರ್ ಅದೇ ಮೂಗಿನ ಕಾರ್ಟೂನ್ ಅಚ್ಚು ಹಾಕ್ತಾನೇ ಇತ್ತು. ಹಾಗಂತ 2023ರಲ್ಲಿ ಈ ಗೇಮ್ ತಂದವ್ರು ಬೇಕಂತಲೇ ಮಾಡಿದ್ರು ಅನ್ನೋಕಾಗಲ್ಲ, ಗಾಬ್ಲಿನ್ ಯುರೋಪಿನ ಹಳೇ ಜನಪದ ಕತೆಲೇ ಇದೆ. ನನ್ ಪ್ರಕಾರ ಉದ್ದೇಶ ಇಲ್ದಿದ್ರೂ ಪ್ರಶ್ನೆ ಕೇಳ್ಬಹುದು. ಯಕ್ಷಗಾನದ ಬಣ್ಣದ ವೇಷ ನೋಡಿ ಇದು ಇಂಥವ್ರ ಮುಖ ಅಂತ ಯಾರೂ ಬೆರಳು ತೋರ್ಸಲ್ಲ, ಇಲ್ಲಿ ತೋರ್ಸೋ ಹಾಗಿದೆ.

ಇಸ್ರೇಲ್ ರಾಜಕೀಯ ಇದರೊಳಗೆ ತರ್ಬೇಡಿ, ಅದು ಬೇರೆ ವಿಷಯ. ಮೂಗಿನ ಮೀಮ್ ಹಾಕಿದ ಕಾರವಾರದ ತಮ್ಮ, ಡಿಲೀಟ್ ಮಾಡು ಮಾರಾಯ. ಉಳಿದಿದ್ದು ಭಾನುವಾರ ಶಿರಸೀಲಿ ಸಿಕ್ಕಾಗ ಮಾತಾಡೋಣ, ಡೈಸ್ ಯಾರಾದ್ರೂ ತನ್ನಿ.