ವೈರ್ ಬಿಲ್ಲಿನಲ್ಲಿ ತಾಮ್ರವೋ ಅಲ್ಲವೋ ಬರೆದುಕೊಡಿ

ಮಾನ್ಯರೇ,

ರಸ್ತೆ, ನೀರು, ಬಸ್ಸಿನ ಬಗ್ಗೆ ಬರೆಯುವ ಜಾಗದಲ್ಲಿ ಇವನು ಕಂಪ್ಯೂಟರ್ ವೈರಿನ ಬಗ್ಗೆ ಬರೆಯುತ್ತಿದ್ದಾನಲ್ಲ ಅಂತ ನಗಬೇಡಿ. ಕರಾವಳಿಯಲ್ಲಿ ಸಣ್ಣ ಆಫೀಸು ನಡೆಸುವವರಿಗೆ ಇದು ದುಡ್ಡಿನ ವಿಷಯ.

ಕಾರವಾರದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ನಾಲ್ಕು ಕಂಪ್ಯೂಟರ್, ಇಬ್ಬರು ಹುಡುಗರು. ಮದುವೆ ಸೀಸನ್‌ನಲ್ಲಿ 64 ಜಿಬಿ ಕಾರ್ಡು ಎರಡು ಮೂರು ತುಂಬಿ ಬರುತ್ತವೆ. ಅದನ್ನು ಮುಂದಿನ ಕೋಣೆಯ ಕಂಪ್ಯೂಟರ್‌ನಿಂದ ಹಿಂದಿನ ಕೋಣೆಯ ಕಂಪ್ಯೂಟರಿಗೆ ಕಳಿಸಬೇಕು, ಎಡಿಟಿಂಗ್ ಆಗುವುದು ಅಲ್ಲಿ. ನಡೆದರೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆ ದಾಟಲು ಒಂದು ಕಾರ್ಡಿನ ಫೈಲುಗಳಿಗೆ ಒಂದೂವರೆ ತಾಸಿನ ಮೇಲೆ ಬೇಕಾಗುತ್ತಿತ್ತು. ಅಷ್ಟರಲ್ಲಿ ಇಲ್ಲಿ ಬಸ್ಸು ಹತ್ತಿದವರು ಅಂಕೋಲಾ ದಾಟಿರುತ್ತಾರೆ.

ಯಾರನ್ನು ಕೇಳಿದರೂ ಒಂದೇ ಮಾತು, ‘ನೆಟ್ ಸ್ಲೋ ಇರಬೇಕು, ಪ್ಲಾನ್ ಬದಲಿಸಿ.’ ಬದಲಿಸಿದೆ. 100 ಎಂಬಿಪಿಎಸ್ ಇದ್ದದ್ದು 300 ಆಯಿತು, ತಿಂಗಳ ಬಿಲ್ಲೂ ಏರಿತು, ಫೈಲು ಮಾತ್ರ ಹಿಂದಿನ ಹಾಗೆಯೇ ತೆವಳುತ್ತಿತ್ತು. ಆಮೇಲೆ ಗೊತ್ತಾಯಿತು, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವ ಫೈಲು ಆಫೀಸಿನ ಸ್ವಿಚ್ ಡಬ್ಬಿಯಲ್ಲೇ, ಅಂದರೆ ಎಲ್ಲ ಕಂಪ್ಯೂಟರಿನ ವೈರು ಬಂದು ಸೇರುವ ಡಬ್ಬಿಯಲ್ಲೇ, ತಿರುಗಿ ಹೋಗುತ್ತದೆ, ಹೊರಗಿನ ಇಂಟರ್ನೆಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಡುಗೆಮನೆಯಿಂದ ಜಗಲಿಗೆ ಚಾ ಬರುವುದು ತಡ ಅಂತ ಹೆದ್ದಾರಿ 66 ಅಗಲ ಮಾಡಿದ ಹಾಗಾಯಿತು ನನ್ನ ಕೆಲಸ.

ಹಿಡಿದುಕೊಟ್ಟವಳು ರಜೆಗೆ ಬಂದಿದ್ದ ತಂಗಿಯ ಮಗಳು, ಡಿಪ್ಲೊಮಾ ಓದುವ ಹುಡುಗಿ. ‘ಮಾವ, ಕಾಪಿ ಆಗುವಾಗ ಸೆಕೆಂಡಿಗೆ ಎಷ್ಟು ಎಂಬಿ ತೋರಿಸ್ತದೆ?’ ಅಂತ ಕೇಳಿದಳು. 11 ಅಂದೆ. ‘ಹಾಗಾದ್ರೆ ವೈರೇ’ ಅಂದಳು, ಕುರ್ಚಿ ಬಿಟ್ಟು ಏಳಲೂ ಇಲ್ಲ!

ಅವಳ ಲೆಕ್ಕ ಸುಲಭದ್ದು. ನೆಟ್‌ವರ್ಕಿನ ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಫೈಲಿನ ಗಾತ್ರವನ್ನು ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಮೆಗಾಬಿಟ್, ಎಂಟರಿಂದ ಭಾಗಿಸಿದರೆ 12.5 ಎಂಬಿ (ಮೆಗಾಬೈಟ್), ಅದರಲ್ಲೂ ಸ್ವಲ್ಪ ಸೋರಿ ಕೈಗೆ ಸಿಗುವುದು 11 ಚಿಲ್ಲರೆ. ನನ್ನ ಸ್ವಿಚ್ಚು, ಕಂಪ್ಯೂಟರ್ ಎಲ್ಲವೂ 1000 ಎಂಬಿಪಿಎಸ್‌ನವು, ಅಂದರೆ 110ರ ಆಸುಪಾಸು ಬರಬೇಕಿತ್ತು. ಸೆಟ್ಟಿಂಗ್ಸ್‌ನಲ್ಲಿ ಈಥರ್ನೆಟ್ (ವೈರಿನ ನೆಟ್‌ವರ್ಕ್) ತೆಗೆದು ನೋಡಿದರೆ ಲಿಂಕ್ ಸ್ಪೀಡ್, ಅಂದರೆ ಕಂಪ್ಯೂಟರಿಗೂ ಸ್ವಿಚ್ಚಿಗೂ ನಡುವಿನ ವೇಗ, 100/100 ಅಂತ ಸ್ಪಷ್ಟವಾಗಿ ಬರೆದಿತ್ತು. ನಾಲ್ಕು ವರ್ಷದಿಂದ ಅದೇ ಕಂಪ್ಯೂಟರ್ ಮುಂದೆ ಕೂತಿದ್ದೇನೆ, ಒಂದು ದಿನವೂ ಅಲ್ಲಿ ಇಣುಕಿ ನೋಡಿರಲಿಲ್ಲ.

ಆಮೇಲೆ ಹಿಂದಿನ ಕೋಣೆಯ ಕಂಪ್ಯೂಟರನ್ನೇ ಹೊತ್ತು ತಂದು ಸ್ವಿಚ್ಚಿನ ಪಕ್ಕ ಇಟ್ಟು, ಗಿಡ್ಡ ಕೇಬಲ್ ಒಂದನ್ನು ನೇರ ಚುಚ್ಚಿದೆವು. ತಕ್ಷಣ 1000 ಅಂತ ಬಂತು. ತಪ್ಪು ಗೋಡೆಯೊಳಗಿನ ವೈರಿನದ್ದು ಅನ್ನುವುದು ಅಲ್ಲಿಗೆ ಗಟ್ಟಿಯಾಯಿತು.

ಈ ಕೇಬಲ್ಲಿನಲ್ಲಿ ಎಂಟು ಎಳೆ, ಅಂದರೆ ನಾಲ್ಕು ಜೋಡಿ ಇರುತ್ತವೆ. 1000ದ ವೇಗಕ್ಕೆ ಎಂಟೂ ಬೇಕು. 100ಕ್ಕೆ ಕಿತ್ತಳೆ ಜೋಡಿ, ಹಸಿರು ಜೋಡಿ ಇದ್ದರೆ ಸಾಕು. ಹಾಗಾಗಿ ನೀಲಿಯದ್ದೋ ಕಂದಿನದ್ದೋ ಒಂದು ಎಳೆ ತುಂಡಾದರೆ ಹೆಚ್ಚಿನ ಸಲ ನೆಟ್‌ವರ್ಕ್ ಬಂದ್ ಆಗುವುದಿಲ್ಲ, ಸುಮ್ನೆ 100ಕ್ಕೆ ಇಳಿದು ಕೂರುತ್ತದೆ. ಇಂಟರ್ನೆಟ್ ಬರುತ್ತದೆ, ಪ್ರಿಂಟ್ ಬರುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ. ಪೂರ್ತಿ ಕೆಟ್ಟಿದ್ದರೆ ಅವತ್ತೇ ರಿಪೇರಿ ಮಾಡಿಸುತ್ತಿದ್ದೆ, ಅಲ್ವಾ?

ಗೋಡೆಯ ಪಾಯಿಂಟ್ ಬಿಚ್ಚಿದಾಗ ಕಂದು ಎಳೆಯ ತುದಿಯಲ್ಲಿ ಬಿಳಿ ಪುಡಿ ಕಂಡಿತು. ಮುಟ್ಟಿದ್ದೇ ತಡ ಮುರಿಯಿತು. ಬ್ಲೇಡಿನಿಂದ ಕೆರೆದರೆ ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ! ಪೇಟೆಯಲ್ಲಿ ಇದಕ್ಕೆ ಸಿಸಿಎ ವೈರ್ ಅನ್ನುತ್ತಾರೆ, ಅಲ್ಯೂಮಿನಿಯಂ ತಂತಿಗೆ ತೆಳ್ಳಗೆ ತಾಮ್ರ ಹೊದಿಸಿದ್ದು. ಕ್ಯಾಟ್ 6 ಅನ್ನುವುದು ನೆಟ್‌ವರ್ಕ್ ಕೇಬಲ್ಲಿನ ಒಂದು ದರ್ಜೆ, ಹಾಗೆ ಕರೆಸಿಕೊಳ್ಳಬೇಕಾದರೆ ಒಳಗೆ ಪೂರ್ತಿ ತಾಮ್ರವೇ ಇರಬೇಕು ಅನ್ನುವುದು ನಿಯಮ. ನನ್ನ ವೈರಿನ ಮೇಲೆ ‘ಕ್ಯಾಟ್ 6’ ಅಂತ ದೊಡ್ಡದಾಗಿ ಅಚ್ಚು ಹಾಕಿತ್ತು. ಬಿಲ್ಲಿನಲ್ಲಿ ಇದ್ದದ್ದು ‘ಕೇಬಲ್ ಬಾಕ್ಸ್ 1’, ಅಷ್ಟೇ.

ಘಟ್ಟದ ಆಚೆ ಒಣ ಊರಿನಲ್ಲಿ ಇಂಥ ವೈರು ಸ್ವಲ್ಪ ಜಾಸ್ತಿ ದಿನ ಬಾಳಬಹುದೇನೋ. ನಮ್ಮಲ್ಲಿ ಕಿಟಕಿ ಸರಳು, ಬಾಗಿಲ ಚಿಲಕ, ಬೈಕಿನ ಸೈಲೆನ್ಸರ್ ಯಾವುದನ್ನೂ ಕಡಲ ಗಾಳಿ ಬಿಡುವುದಿಲ್ಲ. ಎರಡು ಲೋಹ ಒಂದಕ್ಕೊಂದು ಅಂಟಿಕೊಂಡಿರುವ ಕಡೆ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ಗೋಡೆಯೇ ಬೆವರುವ ಊರು ಇದು. ಇಲ್ಲಿ ಸಿಸಿಎ ಹಾಕುವುದೆಂದರೆ ಅಡಿಕೆ ದಬ್ಬೆಯ ಬದಲು ಬಾಳೆದಿಂಡು ಇಟ್ಟು ಮನೆಯ ಮಾಡು ಕಟ್ಟಿದ ಹಾಗೆ.

ತಾಮ್ರದ ವೈರು ತರಿಸಿ, ಎಂಟೂ ಎಳೆ ಸರಿಯಾಗಿ ಕೂರಿಸಿದ ಮೇಲೆ ಒಂದು ಕಾರ್ಡಿನಷ್ಟು ಫೈಲು ಹತ್ತು ನಿಮಿಷದಲ್ಲಿ ಹೋಗುತ್ತಿದೆ. ಹಳೇ ವೈರನ್ನು ಪಕ್ಕದ ಮನೆಯವರು ತೊಂಡೆ ಚಪ್ಪರಕ್ಕೆ ಕೇಳಿ ಒಯ್ದರು. ಪ್ಲಾನನ್ನು ಮತ್ತೆ 100ಕ್ಕೆ ಇಳಿಸಿದೆ.

ಎಲ್ಲ ನಿಧಾನಕ್ಕೂ ವೈರೇ ಕಾರಣ ಅಂತಲ್ಲ. ನಮ್ಮದೇ ಇನ್ನೊಂದು ಕಂಪ್ಯೂಟರಿನಲ್ಲಿ ಲಿಂಕ್ 1000 ಇದ್ದರೂ ಕಾಪಿ ಕುಂಟುತ್ತಿತ್ತು, ಅದರದ್ದು ಹಳೇ ಹಾರ್ಡ್ ಡಿಸ್ಕು. ಅದೇ ಕಂಪ್ಯೂಟರಿನೊಳಗೆ ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಕಾಪಿ ಮಾಡಿದರೂ ಕುಂಟಿತು, ಅಲ್ಲಿಗೆ ನೆಟ್‌ವರ್ಕ್ ಮೇಲಿನ ಅಪವಾದ ಹೋಯಿತು. ಮತ್ತೆ, ಸಾವಿರಾರು ಸಣ್ಣ ಫೈಲು ಕಳಿಸಿದರೆ ಅಷ್ಟೇ ಗಾತ್ರದ ಒಂದು ದೊಡ್ಡ ಫೈಲಿಗಿಂತ ತಡವಾಗುತ್ತದೆ, ಒಂದೊಂದಕ್ಕೂ ತೆರೆಯುವುದು, ಮುಚ್ಚುವುದು, ಆಂಟಿವೈರಸ್ ತಪಾಸಣೆ ಇರುತ್ತವಲ್ಲ. ಅದನ್ನು ವೈರಿನ ತಲೆಗೆ ಕಟ್ಟಬಾರದು.

ನನ್ನ ಬೇಡಿಕೆ ವೈರು ಎಳೆಯುವವರಿಗೆ ಮತ್ತು ಮಾರುವವರಿಗೆ. ಸಿಸಿಎ ಅಗ್ಗ ಅಂತ ಗೊತ್ತಿದ್ದೇ ತೆಗೆದುಕೊಳ್ಳುವವರು ತೆಗೆದುಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ಪೂರ್ತಿ ತಾಮ್ರವೋ, ಸಿಸಿಎಯೋ ಅಂತ ಬಿಲ್ಲಿನಲ್ಲಿ ಬರೆಯಿರಿ. ಕೆಲಸ ಮುಗಿಸಿ ದುಡ್ಡು ಕೇಳುವ ಮೊದಲು ಪ್ರತಿ ಪಾಯಿಂಟಿಗೂ ಲ್ಯಾಪ್‌ಟಾಪ್ ಚುಚ್ಚಿ ಲಿಂಕ್ ಸ್ಪೀಡ್ ತೋರಿಸಿ. ಒಂದು ಪಾಯಿಂಟಿಗೆ ಎರಡು ನಿಮಿಷವೂ ಬೇಡ. ಈ ಮಳೆಗಾಲ ಕಳೆದ ಮೇಲೆ ನಾನಂತೂ ಎಲ್ಲ ಪಾಯಿಂಟನ್ನೂ ಮತ್ತೊಮ್ಮೆ ನೋಡುವವನಿದ್ದೇನೆ, ಹೊಸ ವೈರಾದರೂ ಸರಿ.

— ಒಬ್ಬ ಸ್ಟುಡಿಯೋದವ, ಕಾರವಾರ