ಹಸಿರು ಬೋರ್ಡ್ ಸಾಲದು, ಮೀಟರ್ ತೋರಿಸಲಿ

ಮಾನ್ಯ ಸಂಪಾದಕರೇ,

ಯುಗಾದಿ ದಾಟಿತೆಂದರೆ ಕಲಬುರಗಿಯಲ್ಲಿ ಬಿಸಿಲಿನದೇ ಮಾತು. ಮೇ ತಿಂಗಳಲ್ಲಿ 42–43 ಡಿಗ್ರಿ ನಮಗೆ ಹೊಸದಲ್ಲ. ಆದರೂ ಕರೆಂಟ್ ಹೋದ ಕೂಡಲೇ ಇಲ್ಲಿನ ಎಷ್ಟೋ ಲಾಡ್ಜ್‌ಗಳಲ್ಲಿ ಡೀಸೆಲ್ ಜನರೇಟರ್ ಚಾಲೂ ಆಗುತ್ತದೆ. ಮಾಳಿಗೆ ಮೇಲಿನ ಬಿಸಿಲು ಸುಮ್ನೆ ಹಾಳಾಗುತ್ತದೆ.

ಈಚೆಗೆ ಸಂಬಂಧಿಕರ ಮದುವೆಗೆ ಬೀದರ್‌ಗೆ ಹೋದಾಗ, ಹೆಚ್ಚಾಗಿ ಸೌರ ವಿದ್ಯುತ್ತಿನಲ್ಲೇ ನಡೆಯುವ ಸಣ್ಣ ಹೋಟೆಲೊಂದರಲ್ಲಿ ಉಳಿದಿದ್ದೆವು. ಕೌಂಟರ್ ಪಕ್ಕದ ಗೋಡೆ ಮೇಲೆ ಒಂದು ಪುಟ್ಟ ಪರದೆ ಇತ್ತು. ಇವತ್ತು ಬಿಸಿಲಿನಿಂದ ಎಷ್ಟು ಯೂನಿಟ್ ಬಂತು, ಲೈನಿನಿಂದ ಎಷ್ಟು ತೆಗೆದುಕೊಂಡರು, ಎರಡೂ ಬಂದವರಿಗೆಲ್ಲ ಕಾಣುತ್ತಿತ್ತು. ನನಗೆ ತುಂಬಾ ಹಿಡಿಸಿದ್ದು ಇದೇ.

ಬೆಳಿಗ್ಗೆ ಬಿಸಿಲೇರುವ ಮುಂಚೆ ಒಬ್ಬ ಹುಡುಗ ಉದ್ದ ಕೋಲಿಗೆ ಒದ್ದೆ ಬಟ್ಟೆ ಕಟ್ಟಿ ಪ್ಯಾನೆಲ್ ಒರೆಸುತ್ತಿದ್ದ. ಬಕೆಟ್ ನೀರು ನೋಡನೋಡುತ್ತ ಕೆಂಪಾಯಿತು. ಧೂಳು ಕೂತರೆ ಯೂನಿಟ್ ಇಳಿಯುತ್ತದೆ, ಪರದೆಯಲ್ಲಿ ಅವತ್ತೇ ಗೊತ್ತಾಗುತ್ತದೆ ಎಂದ. ಬಿಸಿಲು ಜಾಸ್ತಿಯಾದಷ್ಟೂ ಕರೆಂಟ್ ಜಾಸ್ತಿ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಕಾವಲ್ಲ. 25 ಡಿಗ್ರಿ ದಾಟಿ ಅದು ಕಾಯುವ ಒಂದೊಂದು ಡಿಗ್ರಿಗೂ ಉತ್ಪಾದನೆ ಸುಮಾರು ಶೇ 0.3ರಿಂದ 0.4ರಷ್ಟು ಕಡಿಮೆಯಾಗುತ್ತದೆ. ಹಾಗಾಗಿ ಕೆಳಗೆ ಗಾಳಿ ಆಡುವಂತೆ ಎತ್ತರಿಸಿ ಕೂರಿಸಿದ್ದರು. ಇಷ್ಟೆಲ್ಲ ಕಳೆದರೂ ನಮ್ಮ ಕಡೆ ಒಂದು ಕಿಲೋವಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಮನೆಗಳಿಗಿಂತ ಜಾಸ್ತಿ ದರದಲ್ಲಿ ಬಿಲ್ ಕಟ್ಟುವ ಹೋಟೆಲ್‌ನವರಿಗೆ ಇದು ನಷ್ಟದ ಬಾಬತ್ತಲ್ಲ.

ಒಂದು ವಿಷಯ ಮಾತ್ರ ಮೊದಲೇ ತಿಳಿದಿರಬೇಕು. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಲೈನ್ ಹೋದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಈ ವ್ಯವಸ್ಥೆ. ಆ ಹೋಟೆಲ್‌ನವರು ಲೈಟು, ಫ್ಯಾನಿಗೆ ಬೇಕಾದಷ್ಟು ಬ್ಯಾಟರಿ ಇಟ್ಟುಕೊಂಡು ಜನರೇಟರನ್ನೇ ಬಿಟ್ಟಿದ್ದಾರೆ. ಎಸಿ 24 ಡಿಗ್ರಿಗಿಂತ ಕೆಳಗೆ ಇಳಿಯದಂತೆ ಮಾಡಿದ್ದಾರೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ. ಮಾಳಿಗೆಗೆ ಬಿಳಿ ಸುಣ್ಣ, ಕೆಳಗೆ ಶಹಾಬಾದ್ ಫರಸಿ. ಮಧ್ಯಾಹ್ನ ಬರೀ ಫ್ಯಾನ್ ಹಾಕಿಕೊಂಡು ಆರಾಮಾಗಿ ನಿದ್ದೆ ಮಾಡಿದೆವು. ಪಂಪೇ ಇಲ್ಲದ ಕಾಲದಲ್ಲಿ ನೌಬಾದ್ ಕರೇಜ್‌ನ ಸುರಂಗದಲ್ಲಿ ಬರೀ ಇಳಿಜಾರಿನ ಮೇಲೆ ನೀರು ಹರಿಸಿದ ಊರು ಬೀದರ್. ಇಂಥ ಬುದ್ಧಿ ನಮ್ಮ ನೆಲಕ್ಕೆ ಹೊಸದಲ್ಲ.

ಈಗ ಎಲ್ಲ ಕಡೆ 'ಪರಿಸರ ಸ್ನೇಹಿ' ಎಂಬ ಬೋರ್ಡ್ ಕಾಣುತ್ತದೆ. ಒಳಗೆ ಹೋದರೆ ಟವೆಲ್ ದಿನಾ ಒಗೆಯಲು ಹಾಕಬೇಡಿ ಎಂಬ ಚೀಟಿ, ಪಕ್ಕದಲ್ಲೇ ಪ್ಲಾಸ್ಟಿಕ್ ನೀರಿನ ಬಾಟಲಿ. ಗಿರಾಕಿ ಯಾವುದನ್ನು ನಂಬಬೇಕು? ಹಾಗೆ ಬೋರ್ಡ್ ಹಾಕುವ ಪ್ರತಿ ಹೋಟೆಲ್ ಬಿಸಿಲಿನ ಯೂನಿಟ್, ಲೈನಿನ ಯೂನಿಟ್, ಸುಟ್ಟ ಡೀಸೆಲ್ ಮೂರನ್ನೂ ಕೌಂಟರ್ ಬಳಿ ತೋರಿಸಬೇಕು.

ಹೋಟೆಲ್, ಲಾಡ್ಜ್‌ಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಎಂದು ರಾಜ್ಯ ಸರ್ಕಾರ 2007ರಲ್ಲೇ ಆದೇಶ ಮಾಡಿದೆ. ಲೈಸೆನ್ಸ್ ನವೀಕರಿಸುವಾಗ ಅಧಿಕಾರಿಗಳು ಮಾಳಿಗೆ ಹತ್ತಿ ನೋಡಲಿ. ಬಂದೇನವಾಜ್ ಉರುಸು, ಶರಣಬಸವೇಶ್ವರ ಜಾತ್ರೆ, ಗಾಣಗಾಪುರದ ದತ್ತನ ದರ್ಶನ ಎಂದು ವರ್ಷವಿಡೀ ಜನ ನಮ್ಮ ಜಿಲ್ಲೆಗೆ ಬರುತ್ತಾರೆ. ಅವರು ಉಳಿಯುವ ಸರ್ಕಾರಿ ಅತಿಥಿಗೃಹ, ಯಾತ್ರಿ ನಿವಾಸಗಳ ಮಾಳಿಗೆ ಮೇಲೆ ಈ ಬೇಸಿಗೆಯೊಳಗೆ ಪ್ಯಾನೆಲ್ ಏರಿಸಿ, ಮೀಟರನ್ನು ಬಾಗಿಲಲ್ಲೇ ಹಾಕಲಿ. ಖಾಸಗಿಯವರನ್ನು ಕೇಳಲು ಆಗ ಸರ್ಕಾರಕ್ಕೂ ಬಾಯಿ ಬರುತ್ತದೆ.

– ಒಬ್ಬ ಓದುಗ, ಕಲಬುರಗಿ