ಮೂವರಲ್ಲಿ ಒಬ್ಬರು ಅಂದರೆ ಯಾರು?

ಪ್ರೀತಿಯ ಪುಟ್ಟಾ,

ನಿನ್ನ ರಕ್ತಪರೀಕ್ಷೆಯ ರಿಪೋರ್ಟನ್ನು ಅಕ್ಕ ಕಳಿಸಿದ್ದಳು. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಒಂದು ಬಗೆಯ ಕೊಬ್ಬು, 162. ಅದನ್ನು ನೋಡಿದ ಮೇಲೆ ನೀನು ರಾತ್ರಿಯೆಲ್ಲಾ ಫೋನ್ ಹಿಡಿದು ಕೂತು, ಹದಿಹರೆಯದವರಲ್ಲಿ ಮೂವರಿಗೆ ಒಬ್ಬರಂತೆ ಮೆಟಬಾಲಿಕ್ ಸಿಂಡ್ರೋಮ್ ಇದೆ ಎಂದು ಓದಿ ಹೆದರಿಕೊಂಡಿದ್ದೀಯಂತೆ.

ಆ ಲೆಕ್ಕ ಸುಳ್ಳಲ್ಲ, ಆದರೆ ಅರ್ಧಂಬರ್ಧ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು 2013ರಲ್ಲಿ ನೋಡಿದ್ದರು. ಎಲ್ಲ ಮಕ್ಕಳನ್ನೂ ಸೇರಿಸಿದರೆ ನೂರಕ್ಕೆ ಸುಮಾರು 3. ತೂಕ ಜಾಸ್ತಿ ಇರುವವರಲ್ಲಿ 12. ಬೊಜ್ಜು ಇರುವವರಲ್ಲಿ 29. ನೀನು ಓದಿದ್ದು ಈ ಕೊನೆಯ ಗುಂಪಿನ ಮಾತು, ಅಲ್ವಾ? ಹದಿಹರೆಯದವರದ್ದೇ ಬೇರೆ ಲೆಕ್ಕ ಹಾಕಿದರೆ, 2020ರ ಅಂದಾಜಿನಂತೆ ಇಡೀ ಜಗತ್ತಿನಲ್ಲಿ ನೂರಕ್ಕೆ ಸುಮಾರು 5. ಕಡಿಮೆ ಅನ್ನಿಸಬಹುದು. ತಲೆ ಎಣಿಸಿದರೆ ಮೂರೂವರೆ ಕೋಟಿ ಮಕ್ಕಳು!

ಮೆಟಬಾಲಿಕ್ ಸಿಂಡ್ರೋಮ್ ಅನ್ನುವುದು ಒಂದೇ ಕಾಯಿಲೆಯ ಹೆಸರಲ್ಲ, ಕೆಲವು ತೊಂದರೆಗಳ ಗುಂಪು. ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟ 2007ರಲ್ಲಿ 10ರಿಂದ 16 ವರ್ಷದವರಿಗೆ ಒಂದು ಅಳತೆ ಕೊಟ್ಟಿತು. ಅದರಂತೆ ಈ ಹಣೆಪಟ್ಟಿ ಅಂಟಬೇಕಾದರೆ, ನಿನ್ನ ವಯಸ್ಸಿನ 100 ಹುಡುಗರನ್ನು ಸೊಂಟದ ಸುತ್ತಳತೆಯಂತೆ ಸಾಲಾಗಿ ನಿಲ್ಲಿಸಿದರೆ, ದಪ್ಪ ಸೊಂಟದ ಕೊನೆಯ ಹತ್ತು ಜನರಲ್ಲಿ ನೀನಿರಬೇಕು. ಅದರ ಜೊತೆ ಇವುಗಳಲ್ಲಿ ಎರಡಾದರೂ ಇರಬೇಕು: ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಒಳ್ಳೆಯ ಕೊಲೆಸ್ಟ್ರಾಲ್ 40ಕ್ಕಿಂತ ಕಡಿಮೆ, ಬಿಪಿಯ ಮೇಲಿನ ಅಂಕಿ 130 ಅಥವಾ ಕೆಳಗಿನ ಅಂಕಿ 85 ಮುಟ್ಟಿರುವುದು, ಖಾಲಿ ಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು. ನಿನ್ನ ರಿಪೋರ್ಟಿನಲ್ಲಿ ಗೆರೆ ದಾಟಿದ್ದು ಒಂದೇ. ಬೇರೆ ಅಳತೆಗಳೂ ಇವೆ. ಅಳತೆ ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಇನ್ನೊಂದು ಮಾತು. ಪ್ರೌಢಾವಸ್ಥೆಗೆ ಬರುವಾಗ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸ್ವಲ್ಪ ಕಾಲ ಸರಿಯಾಗಿ ನಾಟುವುದಿಲ್ಲ. ಅದು ಎಲ್ಲರಲ್ಲೂ ಆಗುವಂಥದ್ದೇ. ಒಂದು ಅಧ್ಯಯನದಲ್ಲಿ ಮೂರು ವರ್ಷ ಬಿಟ್ಟು ನೋಡಿದಾಗ, ಈ ಹಣೆಪಟ್ಟಿ ಇದ್ದ ಮಕ್ಕಳಲ್ಲಿ ಸುಮಾರು ಅರ್ಧ ಜನರದ್ದು ಕಳಚಿಹೋಗಿತ್ತು. ಕೆಲವರಿಗೆ ಹೊಸದಾಗಿ ಅಂಟಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಹಾಗಂತ ಸುಮ್ನೆ ಕೂರಬೇಡ. ನಿನಗೆ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ, ನಾನಂತೂ ಬಿಪಿ ನೋಡಿಸಿದ್ದೇ ನಲವತ್ತು ದಾಟಿದ ಮೇಲೆ. ದಿನಕ್ಕೆ ಒಂದು ಗಂಟೆ ಮೈ ಬೆವರುವಂತೆ ಆಡು. ಎಂಟು ಗಂಟೆಯಾದರೂ ಮಲಗು. ಸಿಹಿ ಪಾನೀಯ ಬಿಡು. ಊಟ ಮಾತ್ರ ಬಿಡಬೇಡ, ಬೆಳೆಯುವ ಮೈ ಅದು.

ಹಾಂ, ಅವತ್ತು ನೀನು ತಿಂಡಿ ತಿಂದೇ ರಕ್ತ ಕೊಟ್ಟೆಯಂತೆ, ಅಕ್ಕ ಆಮೇಲೆ ಹೇಳಿದಳು. ತಿಂದ ಮೇಲೆ ಟ್ರೈಗ್ಲಿಸರೈಡ್ ಏರುತ್ತದಪ್ಪಾ. ಡಾಕ್ಟರಿಗೆ ಇದನ್ನು ಹೇಳಿ, ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ಮಾಡಿಸು. ಬಂದ ಅಂಕಿ ನನಗೂ ತಿಳಿಸು.

ನಿನ್ನ ಮಾವ